ಕ್ರಿಯೇಟಿವ್ ಕಾಮನ್ಸ್ ಪರವಾನಗಿ: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮದು ಲಾಭ ನೋಡದೆ ಮಕ್ಕಳ ನಾಟಕ ಬರೆದು ಆಡಿಸುವ ಸಣ್ಣ ಬಳಗ. ಬರೆಯುವವರು, ಚಿತ್ರ ಬಿಡಿಸುವವರು, ಹಾಡಿಗೆ ರಾಗ ಹಾಕುವವರು, ಯಾರಿಗೂ ಸಂಬಳವಿಲ್ಲ. ನಾಟಕವನ್ನು ಯಾರು ಬೇಕಾದರೂ ಆಡಲಿ, ಆದರೆ ಬರೆದವರ ಹೆಸರು ಅಳಿಸಿ ತಮ್ಮದು ಅಂತ ಹಾಕಿಕೊಳ್ಳಬಾರದು. ನಮಗೆ ಬೇಕಿದ್ದದ್ದು ಇಷ್ಟೇ.

ಅದಕ್ಕೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಿಡಿದೆವು, ಅಂದರೆ ಬರೆದವರು ತಮ್ಮ ಕೃತಿಯ ಜೊತೆ ಹಾಕಿಬಿಡುವ ಸಿದ್ಧ ಅನುಮತಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ, ನೋಂದಣಿಯೂ ಇಲ್ಲ. ಹಕ್ಕು ಬರೆದವರ ಕೈಯಲ್ಲೇ ಉಳಿಯುತ್ತದೆ. ಬೇರೆಯವರು ನಮ್ಮನ್ನು ಕೇಳದೆ ಏನೇನು ಮಾಡಬಹುದು ಅಂತ ಪರವಾನಗಿ ಮೊದಲೇ ಹೇಳಿಬಿಡುತ್ತದೆ. 2002ರಲ್ಲಿ ಶುರುವಾದದ್ದು, ನಾವು ಬಳಸುವುದು 2013ರ 4.0 ಆವೃತ್ತಿ. ವಕೀಲರ ಭಾಷೆಯ ಪಠ್ಯದ ಜೊತೆಗೆ ಎಲ್ಲರಿಗೂ ತಿಳಿಯುವ ಚಿಕ್ಕ ಸಾರಾಂಶವೂ ಇದೆ. ಇದು ನನಗೆ ತುಂಬಾ ಇಷ್ಟ.

ಆರು ಬಗೆಗಳಲ್ಲಿ ನಾವು ಮೊದಲು ಆರಿಸಿದ್ದು ಬಿವೈ-ಎನ್‌ಸಿ-ಎನ್‌ಡಿ. ಹೆಸರು ಹಾಕಬೇಕು (ಬಿವೈ), ವ್ಯಾಪಾರಕ್ಕೆ ಬಳಸಬಾರದು (ಎನ್‌ಸಿ), ಬದಲಾಯಿಸಿ ಹಂಚಬಾರದು (ಎನ್‌ಡಿ). ಇರುವುದರಲ್ಲೇ ಬಿಗಿಯಾದದ್ದು, ಹಾಗಾಗಿ ಸೇಫ್ ಅನಿಸಿತು. ತಪ್ಪಾಗಿದ್ದು ಇಲ್ಲೇ.

ಕಿವಿ ಕೇಳಿಸದ ಮಕ್ಕಳ ಜೊತೆ ಕೆಲಸ ಮಾಡುವ ಒಂದು ತಂಡ, ಹಾಡುಗಳನ್ನು ಸನ್ನೆ ಭಾಷೆಗೆ ಹೊಂದಿಸಿ, ಎರಡು ದೃಶ್ಯ ಮೊಟಕು ಮಾಡಿ, ಆ ಪ್ರತಿಯನ್ನು ಬೇರೆ ಶಾಲೆಗಳಿಗೂ ಕೊಡಬಹುದಾ ಅಂತ ಕೇಳಿತು. ಇಂಥವರಿಗಾಗಿಯೇ ಅಲ್ವಾ ನಾವು ಬರೆಯುವುದು! ಆದರೆ ಎನ್‌ಡಿ ಇದ್ದರೆ ಅದು ಆಗುವುದಿಲ್ಲ, ಅನುವಾದ ಮಾಡಿ ಹಂಚುವುದಕ್ಕೂ ಅವಕಾಶವಿಲ್ಲ. ಹಕ್ಕು ಇರುವವರು ಬೇರೆಯಾಗಿ ಒಪ್ಪಿಗೆ ಕೊಡಬಹುದು, ನಿಜ. ಆದರೆ ನಮ್ಮಲ್ಲಿ ಮಾತು ಒಬ್ಬರದು, ರಾಗ ಇನ್ನೊಬ್ಬರದು, ರಾಗ ಹಾಕಿದವರು ಬಳಗ ಬಿಟ್ಟು ಎರಡು ವರ್ಷವಾಗಿತ್ತು. ಅವರನ್ನು ಹುಡುಕಿ ಒಪ್ಪಿಗೆ ತರುವಷ್ಟರಲ್ಲಿ ಮೂರು ತಿಂಗಳು ಕಳೆದು ಆ ಮಕ್ಕಳ ವಾರ್ಷಿಕೋತ್ಸವವೇ ಮುಗಿದಿತ್ತು. ಇವತ್ತಿಗೂ ಬೇಜಾರಿದೆ.

ಎನ್‌ಸಿ ಬಗ್ಗೆಯೂ ಹೇಳಬೇಕು. ಲಾಭ ನೋಡದ ಸಂಸ್ಥೆಗಳಿಗೆ ಇದು ಅಡ್ಡಿಯಾಗಲ್ಲ ಅಂತ ಜಾಸ್ತಿ ಜನ ನಂಬಿದ್ದಾರೆ. ಆದರೆ ಪರವಾನಗಿ ನೋಡುವುದು ಬಳಸುವವರು ಯಾರು ಅಂತ ಅಲ್ಲ, ಬಳಕೆ ಎಂಥದ್ದು ಅಂತ. ಟಿಕೆಟ್ ಇಟ್ಟು ಸಹಾಯಾರ್ಥ ಪ್ರದರ್ಶನ ಮಾಡಿದರೆ ಅದು ವ್ಯಾಪಾರವೋ ಅಲ್ಲವೋ? ಗೆರೆ ಸ್ಪಷ್ಟವಿಲ್ಲ, ಹಾಗಾಗಿ ಒಳ್ಳೆಯ ಮನಸ್ಸಿನವರೇ ಹೆದರಿ ಸುಮ್ಮನಾಗುತ್ತಾರೆ.

ಈಗ ಎಲ್ಲರ ಒಪ್ಪಿಗೆ ಪಡೆದು ಬಿವೈ-ಎಸ್‌ಎಗೆ ಬಂದಿದ್ದೇವೆ. ವಿಕಿಪೀಡಿಯದ ಬರಹಕ್ಕೂ ಇದೇ ಬಗೆಯದು. ಬದಲಾಯಿಸಬಹುದು, ಮಾರಲೂಬಹುದು, ಆದರೆ ಹೆಸರು ಹಾಕಬೇಕು, ಬದಲಾಯಿಸಿದ್ದನ್ನು ಹಂಚುವುದಾದರೆ ಇದೇ ಷರತ್ತಿನ ಮೇಲೆ ಹಂಚಬೇಕು (ಎಸ್‌ಎ ಅಂದರೆ ಇದೇ). ಒಬ್ಬರು ಹೆಸರು ಬಿಟ್ಟು ಅಚ್ಚು ಹಾಕಿಸಿದ್ದರು. ಷರತ್ತು ಮುರಿದರೆ ಅನುಮತಿ ಹೋಗುತ್ತದೆ, ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ತಾನಾಗಿ ವಾಪಸ್ ಬರುತ್ತದೆ. ಇದನ್ನೇ ಬರೆದು ಕಳಿಸಿದೆವು, ಒಂದೇ ವಾರದಲ್ಲಿ ಹೆಸರು ಸೇರಿಸಿದರು. ಜಗಳವೇ ಆಗಲಿಲ್ಲ.

ತೊಡಕುಗಳೂ ಇವೆ. ಎನ್‌ಸಿ-ಎಸ್‌ಎ ಇರುವ ಹಾಡನ್ನು ಬಿವೈ-ಎಸ್‌ಎ ನಾಟಕದೊಳಗೆ ಬೆರೆಸಲಾಗದು, ಹಾಗಾಗಿ ಒಂದು ಚಂದದ ಹಾಡನ್ನು ಕೈಬಿಟ್ಟೆವು. ಮಕ್ಕಳ ಫೋಟೊ ಇದ್ದರೆ ಅಪ್ಪ ಅಮ್ಮನ ಒಪ್ಪಿಗೆ ಬೇರೆಯೇ ಬೇಕು. ಮತ್ತೆ, ಒಮ್ಮೆ ಕೊಟ್ಟ ಅನುಮತಿಯನ್ನು ವಾಪಸ್ ಪಡೆಯಲಾಗದು. ಅದಕ್ಕೇ ಈಗ ಮೊದಲ ಓದಿನ ದಿನವೇ ಎಲ್ಲರನ್ನೂ ಕೂರಿಸಿ ಓದಿ ಹೇಳಿ ಸಹಿ ಪಡೆಯುತ್ತೇವೆ. ಯಾರಿಗಾದರೂ ಇಷ್ಟವಿಲ್ಲದಿದ್ದರೆ ಅವರ ಭಾಗ ಹೊರಗಿರುತ್ತದೆ, ಒತ್ತಾಯವಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಸನ್ನೆ ಭಾಷೆಯ ತಂಡ ಮರುವರ್ಷ ನಾಟಕ ಆಡಿತು. ಅವರು ಹೊಸದಾಗಿ ಕಟ್ಟಿದ ಮಾತಿಲ್ಲದ ಮಳೆಯ ದೃಶ್ಯ ಈಗ ನಮ್ಮ ಪ್ರತಿಯಲ್ಲೂ ಇದೆ, ಕೆಳಗೆ ಅವರ ಹೆಸರಿದೆ.