ಮುಕ್ತ ಮೈಕು, ಚೀಟಿ, ಸರದಿ: ಸಂವಾದ ನಡೆಸುವ ಮೂರು ಕ್ರಮಗಳ ಹೋಲಿಕೆ

ಮಲೆನಾಡಿನ ಒಂದು ಸಾಹಿತ್ಯ ಬಳಗದ ತಿಂಗಳ ಸಂವಾದವನ್ನು ನಡೆಸುವ ಹೊಣೆ ಕೆಲವು ವರ್ಷಗಳಿಂದ ನನ್ನ ಪಾಲಿಗೂ ಬಂದಿದೆ. ಉಪನ್ಯಾಸ ಮುಗಿದ ಮೇಲೆ ಸಭಿಕರಿಗೆಂದು ಉಳಿಯುವ ಸಮಯದಲ್ಲಿ ಯಾರು, ಎಷ್ಟು, ಯಾವ ಮಿತಿಯೊಳಗೆ ಮಾತನಾಡಬೇಕು ಎಂಬ ಬಗ್ಗೆ ನಮ್ಮೊಳಗೆ ಒಮ್ಮತವಿರಲಿಲ್ಲ. ಮಾತಿಗೆ ಅಡ್ಡಿಯೇ ಇರಬಾರದು ಎನ್ನುವವರೂ, ಸಭೆಯ ಮರ್ಯಾದೆ ಕಾಯದಿದ್ದರೆ ಮುಂದೆ ಯಾರೂ ಬರುವುದಿಲ್ಲ ಎನ್ನುವವರೂ ಒಂದೇ ಸಾಲಿನಲ್ಲಿ ಕುಳಿತಿರುತ್ತಿದ್ದರು. ಆದ್ದರಿಂದ ಮೂರು ಕ್ರಮಗಳನ್ನು ಒಂದಾದ ಮೇಲೊಂದರಂತೆ ಸಾಕಷ್ಟು ಕಾಲ ನಡೆಸಿ ನೋಡಿದೆವು. ಮೊದಲನೆಯದು ಕೈಯೆತ್ತಿದವರಿಗೆಲ್ಲ ಮೈಕು ಕೊಡುವ ಕ್ರಮ. ಎರಡನೆಯದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ, ಸಂಚಾಲಕರು ಆಯ್ದು ಓದುವ ಕ್ರಮ. ಮೂರನೆಯದು ಮೊದಲೇ ಸಾರಿದ ನಿಯಮಗಳಂತೆ ಅಧ್ಯಕ್ಷರು ಸರದಿ ಕೊಡುವ ಕ್ರಮ.

ಮುಕ್ತ ಮೈಕಿನ ನಿಜವಾದ ಬೆಲೆ ನನಗೆ ತಿಳಿದದ್ದು ಹಳೆಯ ಕಥೆಗಳಲ್ಲಿ ಬರುವ ಜಾತಿಸೂಚಕ ಮಾತುಗಳನ್ನು ಪಠ್ಯಪುಸ್ತಕಕ್ಕೆ ಸೇರಿಸುವಾಗ ತಿದ್ದಬಹುದೇ ಎಂಬ ವಿಷಯದ ಚರ್ಚೆಯಲ್ಲಿ. ಮೂಲಪಾಠವನ್ನು ಮುಟ್ಟಬಾರದು ಎಂದು ಉಪನ್ಯಾಸಕರು ಬಲವಾಗಿ ವಾದಿಸಿದ್ದರು. ಹಿಂದಿನ ಸಾಲಿನಿಂದ ಎದ್ದ ಹಿರಿಯರೊಬ್ಬರು ತಾವು ಕ್ಷೌರದ ವೃತ್ತಿಯವರೆಂದು ಹೇಳಿಕೊಂಡು, ಶಾಲೆಯಲ್ಲಿ ಅಂಥದೊಂದು ಕಥೆಯನ್ನು ಗಟ್ಟಿಯಾಗಿ ಓದುವ ಪಾಳಿ ತಮಗೇ ಬಂದದ್ದನ್ನು, ಆ ಮಾತು ಬಂದಾಗ ಇಡೀ ತರಗತಿ ತಮ್ಮತ್ತ ತಿರುಗಿದ್ದನ್ನು, ಅದೇ ಮಾತು ಮುಂದೆ ವರ್ಷಗಟ್ಟಲೆ ತಮ್ಮ ಅಡ್ಡಹೆಸರಾಗಿ ಉಳಿದದ್ದನ್ನು ನಿಧಾನವಾಗಿ ಹೇಳಿದರು. ಅವರ ಮಾತಿನ ಕೊನೆಯಲ್ಲಿ ಪ್ರಶ್ನೆ ಇರಲಿಲ್ಲ, ತೀರ್ಪೂ ಇರಲಿಲ್ಲ. ಹತ್ತು ನಿಮಿಷಕ್ಕೂ ಹೆಚ್ಚು ಕಾಲ ನಡೆದ ಆ ಮಾತು ಯಾವ ಚೀಟಿಯಲ್ಲೂ ಹಿಡಿಯುವಂಥದ್ದಲ್ಲ. ಆದರೆ ಅಂದಿನ ಚರ್ಚೆ ಮುಂದೆ ಸಾಗಿದ್ದೆಲ್ಲ ಆ ಮಾತಿನ ಆಧಾರದ ಮೇಲೆಯೇ.

ಅಂಥ ಸಂಜೆಗಳು ಅಪರೂಪ ಎಂಬುದನ್ನೂ ಹೇಳಲೇಬೇಕು. ಮೈಕು ಎಲ್ಲರದ್ದು ಎಂದು ಸಾರಿದ ಮಾತ್ರಕ್ಕೆ ಅದು ಎಲ್ಲರ ಕೈಗೂ ಹೋಗುವುದಿಲ್ಲ. ನಮ್ಮಲ್ಲಿ ಅದು ಮುಂದಿನ ಸಾಲಿನ ನಾಲ್ಕೈದು ಮಂದಿ ನಿವೃತ್ತರ ನಡುವೆಯೇ ಸುತ್ತುತ್ತಿತ್ತು. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡಲು ಎದ್ದರೆ, ಆ ಉತ್ತರಕ್ಕೆ ಮರುತ್ತರ ಕೊಡಲು ಮೊದಲಿನವರು ಮತ್ತೆ ಏಳುತ್ತಿದ್ದರು. ಮಾತು ಏಕವಚನಕ್ಕೆ ಇಳಿದ ದಿನಗಳೂ ಇದ್ದವು. ದೂರದಿಂದ ಬರುತ್ತಿದ್ದ ಹೆಣ್ಣುಮಕ್ಕಳು ಕೊನೆಯ ಬಸ್ಸಿಗೆ ತಡವಾಗುತ್ತದೆಂದು ಎದ್ದು ಹೋಗುವಷ್ಟರಲ್ಲಿ ಅವರಿಗೆ ಒಮ್ಮೆಯೂ ಅವಕಾಶ ಸಿಕ್ಕಿರುತ್ತಿರಲಿಲ್ಲ. ಅವರ ಬಾಯಿಯನ್ನು ಯಾವ ನಿಯಮವೂ ಕಟ್ಟಿರಲಿಲ್ಲ ಎಂಬುದು ನಿಜ. ಆದರೆ ನಿಯಮವಿಲ್ಲದ ಸಭೆಯಲ್ಲಿ ಗಟ್ಟಿ ಗಂಟಲೇ ನಿಯಮವಾಗುತ್ತದೆ, ಮತ್ತು ಆ ನಿಯಮದ ವಿರುದ್ಧ ದೂರು ಕೊಡಲು ಜಾಗವೇ ಇರುವುದಿಲ್ಲ.

ಚೀಟಿ ಪದ್ಧತಿ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿತು. ಎಂದೂ ಎದ್ದು ನಿಲ್ಲದವರು ಬರೆದರು. ಕಾಲೇಜು ವಿದ್ಯಾರ್ಥಿಗಳು ಟಿಪ್ಪಣಿ ಪುಸ್ತಕದ ಹಾಳೆ ಹರಿದು ಎರಡೆರಡು ಪ್ರಶ್ನೆ ಕಳುಹಿಸಿದರು. ಸಭೆ ಸಮಯಕ್ಕೆ ಸರಿಯಾಗಿ ಮುಗಿಯಿತು, ಅತಿಥಿಗಳೂ ಸಂತೋಷಪಟ್ಟರು. ಇದನ್ನೇ ಕಾಯಂ ಮಾಡೋಣ ಎಂಬ ಒತ್ತಾಯ ಬಂದದ್ದೂ ಸಹಜವೇ.

ನನ್ನ ಅಭಿಪ್ರಾಯ ಬದಲಾದದ್ದು ವೇದಿಕೆಯ ಮೇಜಿನ ಮೇಲಿದ್ದ ಚೀಟಿಗಳ ಎರಡು ಕಟ್ಟುಗಳನ್ನು ಸಭೆ ಮುಗಿದ ಬಳಿಕ ಬಿಚ್ಚಿ ನೋಡಿದಾಗ. ಬಲಗಡೆಯದು ಓದಿದ ಚೀಟಿಗಳು, ಎಡಗಡೆಯದು ಓದದೆ ಬಿಟ್ಟವು. ಬಿಟ್ಟ ಕಟ್ಟಿನಲ್ಲಿ ನೀಲಿ ಶಾಯಿಯ ಒಂದು ಚೀಟಿ ಇತ್ತು: “ಸರ್, ನಿಮ್ಮ ಕಾದಂಬರಿಯಲ್ಲಿ ರಾಯಚೂರು ಕಡೆಯ ಮಾತು ಆಡುವವರೆಲ್ಲ ಅಡುಗೆಯವರು, ಕಾವಲುಗಾರರೇ ಏಕೆ ಆಗಿದ್ದಾರೆ?” ಅದರ ಹಿಂಬದಿಯಲ್ಲಿ ಸಂಚಾಲಕರು ಪೆನ್ಸಿಲಿನಲ್ಲಿ ‘ವಿಷಯಾಂತರ’ ಎಂದು ಬರೆದಿದ್ದರು. ಓದಿದ ಕಟ್ಟಿನ ಮೇಲ್ತುದಿಯಲ್ಲಿದ್ದ ಚೀಟಿ ಕೇಳಿದ್ದು ಲೇಖಕರ ಬರವಣಿಗೆಗೆ ಸ್ಫೂರ್ತಿ ಯಾರು ಎಂದು. ಸಂಚಾಲಕರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಕರೆಸಿಕೊಂಡ ಅತಿಥಿಗೆ ಮುಜುಗರವಾಗಬಾರದು ಎಂಬ ಸೌಜನ್ಯವಷ್ಟೇ ಇತ್ತು. ಆದರೆ ಆ ಸೌಜನ್ಯದಿಂದ ಅಂದಿನ ಅತ್ಯಂತ ಸಾಹಿತ್ಯಕವಾದ ಪ್ರಶ್ನೆ ಬಿದ್ದುಹೋಯಿತು. ಕೇಳಿದವರಿಗೆ ಕಾರಣ ತಿಳಿಯಲಿಲ್ಲ, ಕಾದಂಬರಿಕಾರರಿಗೆ ಉತ್ತರಿಸುವ ಅವಕಾಶ ಸಿಗಲಿಲ್ಲ, ಅಂಥದೊಂದು ಪ್ರಶ್ನೆ ಇತ್ತು ಎಂಬುದೇ ಸಭೆಗೆ ಗೊತ್ತಾಗಲಿಲ್ಲ. ಮುಕ್ತ ಮೈಕಿನಲ್ಲಿ ನಡೆಯುವ ಅನ್ಯಾಯ ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ಚೀಟಿಯಲ್ಲಿ ನಡೆಯುವುದು ಯಾರಿಗೂ ಕಾಣುವುದಿಲ್ಲ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ನಾನು ನಂಬುತ್ತೇನೆ.

‘ವಿಷಯಾಂತರ’, ‘ಅನುಚಿತ’, ‘ನೋವುಂಟುಮಾಡುವಂಥದ್ದು’ ಎಂಬ ಪದಗಳಿಗೆ ಅಂಚೇ ಇಲ್ಲದಿರುವುದು ಇಲ್ಲಿನ ಮೂಲ ತೊಂದರೆ. ನಮ್ಮ ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತದೆ, 19(2) ಅದಕ್ಕೆ ನಿರ್ಬಂಧ ಹೇರಬಹುದಾದ ಕಾರಣಗಳನ್ನು ಹೆಸರಿಸಿ ಪಟ್ಟಿಮಾಡುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಲಯ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ನಿರ್ಬಂಧ ‘ಯುಕ್ತ’ವಾಗಿರಬೇಕು ಎಂಬ ಮಾತು ಆ ವಿಧಿಗೆ ಸೇರಿದ್ದು 1951ರ ಮೊದಲ ತಿದ್ದುಪಡಿಯಲ್ಲಿ. ಕೇಳಿದವರ ಮನಸ್ಸಿಗೆ ಬೇಸರವಾಯಿತು ಎಂಬುದು ಆ ಪಟ್ಟಿಯಲ್ಲಿ ಪ್ರತ್ಯೇಕ ಕಾರಣವಾಗಿ ಇಲ್ಲ. ಕಿರಿಕಿರಿ ಉಂಟುಮಾಡುವಂಥ ಆನ್‌ಲೈನ್ ಸಂದೇಶಗಳಿಗೆ ಶಿಕ್ಷೆ ವಿಧಿಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಗೊಳಿಸಿದಾಗ ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು ಅದರ ಪದಗಳ ಅಸ್ಪಷ್ಟತೆ. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂಬ ಮೂರನ್ನು ಬೇರ್ಪಡಿಸಿದ ನ್ಯಾಯಾಲಯ, ಎಷ್ಟೇ ಅಪ್ರಿಯವಾದ ಚರ್ಚೆ ಮತ್ತು ಪ್ರತಿಪಾದನೆಗೂ ರಕ್ಷಣೆ ಇದೆ ಎಂದಿತು. ಇದು ಮುಖ್ಯವಾಗಿ ಸರ್ಕಾರದ ಕೈಯನ್ನು ಕಟ್ಟುವ ವಿಧಿ, ಖಾಸಗಿ ಬಳಗವೊಂದರ ಸಭೆಗೆಂದು ಬರೆದದ್ದಲ್ಲ. ಆದರೂ ಕಾರಣಗಳನ್ನು ಮೊದಲೇ ಹೆಸರಿಸಿ ಬರೆದಿಡುವ ಶಿಸ್ತನ್ನು ನಾವು ಅಲ್ಲಿಂದಲೇ ತೆಗೆದುಕೊಂಡೆವು.

ಹಾಗೆ ರೂಪುಗೊಂಡದ್ದು ಸರದಿ ಪದ್ಧತಿ. ಮಾತನಾಡಬಯಸುವವರು ಹೆಸರು ಕೊಡಬೇಕು, ಪ್ರತಿಯೊಬ್ಬರಿಗೂ ಮೂರು ನಿಮಿಷ. ಅಂದು ಇನ್ನೂ ಮಾತನಾಡದವರ ಪಾಳಿ ಮುಗಿಯುವವರೆಗೆ ಯಾರಿಗೂ ಎರಡನೆಯ ಅವಕಾಶವಿಲ್ಲ. ಶಾಸನಸಭೆಗಳಲ್ಲಿರುವಂತೆ ಎಲ್ಲರೂ ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತನಾಡಬೇಕು. ಯಾವ ವಿಷಯಕ್ಕೂ, ಯಾವ ಅಭಿಪ್ರಾಯಕ್ಕೂ ನಿಷೇಧವಿಲ್ಲ. ಸಭೆಯಲ್ಲಿರುವವರ ವೈಯಕ್ತಿಕ ನಿಂದನೆ ಮತ್ತು ಒಂದು ಸಮುದಾಯವನ್ನು ಹುಟ್ಟಿನ ಕಾರಣಕ್ಕೆ ಹೀಯಾಳಿಸುವುದು, ಇವೆರಡಕ್ಕೆ ಮಾತ್ರ ತಡೆ. ತಡೆಯುವಾಗ ಅಧ್ಯಕ್ಷರು ಯಾವ ನಿಯಮದಡಿ ತಡೆಯುತ್ತಿದ್ದೇವೆ ಎಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು.

ಒಮ್ಮೆ ಇತಿಹಾಸ ಗ್ರಂಥವೊಂದರ ಚರ್ಚೆಯಲ್ಲಿ ಯುವಕರೊಬ್ಬರು, ಈ ಲೇಖಕರ ಜಾತಿಯವರೆಲ್ಲ ಹುಟ್ಟಾ ಸುಳ್ಳುಗಾರರು ಎಂದೇ ಮಾತು ಆರಂಭಿಸಿದರು. ಅಧ್ಯಕ್ಷತೆ ವಹಿಸಿದ್ದ ಶಿಕ್ಷಕಿ ಕೂಡಲೇ ತಡೆದು, “ಜಾತಿಯ ಮಾತು ಬಿಡಿ. ಪುಸ್ತಕದಲ್ಲಿ ಸುಳ್ಳು ಎಲ್ಲಿದೆ ಎಂದು ತೋರಿಸಿ. ನಿಮಗೆ ಇನ್ನೂ ಎರಡು ನಿಮಿಷ ಇದೆ” ಎಂದರು. ಆತ ಗೊಣಗುತ್ತಲೇ ಪುಸ್ತಕ ತೆರೆದು, ಒಂದೇ ಶಾಸನವನ್ನು ಲೇಖಕರು ಎರಡು ಅಧ್ಯಾಯಗಳಲ್ಲಿ ಎರಡು ಬೇರೆ ಕಾಲಕ್ಕೆ ಹಾಕಿರುವುದನ್ನು ಪುಟ ಹೇಳಿ ತೋರಿಸಿದರು. ಆಕ್ಷೇಪ ಸರಿಯಾಗಿಯೇ ಇತ್ತು. ಮುಕ್ತ ಮೈಕಿನಲ್ಲಾಗಿದ್ದರೆ ಮೊದಲ ವಾಕ್ಯಕ್ಕೇ ಜಗಳ ಹತ್ತಿಕೊಂಡು ಪುಟದ ಸಂಖ್ಯೆ ಯಾರಿಗೂ ಕೇಳಿಸುತ್ತಿರಲಿಲ್ಲ. ಚೀಟಿಯಲ್ಲಾಗಿದ್ದರೆ ಮೊದಲ ವಾಕ್ಯದ ಕಾರಣಕ್ಕೆ ಇಡೀ ಚೀಟಿ ಎಡಗಡೆಯ ಕಟ್ಟಿಗೆ ಹೋಗುತ್ತಿತ್ತು.

ವೇಷ, ಕುಣಿತವಿಲ್ಲದೆ ಹಾಡು ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಲೆಯನ್ನು ಕೇಳಿ ಬೆಳೆದವರಿಗೆ ಈ ಅಧ್ಯಕ್ಷರ ಪಾತ್ರ ಪರಿಚಿತವೇ. ಪಾತ್ರದ ಮಾತನ್ನಾಡುವ ಅರ್ಥಧಾರಿ ಎಷ್ಟೇ ದೊಡ್ಡವರಿರಲಿ, ಹಾಡಿ ಪ್ರಸಂಗ ನಡೆಸುವ ಭಾಗವತರು ಜಾಗಟೆ ಬಾರಿಸಿ ಮುಂದಿನ ಪದ, ಅಂದರೆ ಹಾಡು, ಎತ್ತಿಕೊಂಡರೆ ಮಾತು ನಿಲ್ಲಿಸಲೇಬೇಕು. ಕೌರವನ ಪರವಾಗಿ ಅರ್ಥಧಾರಿ ಹೂಡುವ ವಾದ ಸರಿಯೋ ತಪ್ಪೋ ಎಂದು ಭಾಗವತರು ಹೇಳುವುದಿಲ್ಲ. ಅವರ ಹತೋಟಿ ಪ್ರಸಂಗದ ನಡೆಯ ಮೇಲೆ ಮಾತ್ರ. ಆದರೆ ಎದುರಾಳಿಯ ವಾದ ಇನ್ನೇನು ತುದಿ ಮುಟ್ಟುತ್ತದೆ ಎನ್ನುವಾಗ ಪದ ಎತ್ತದೆ ಕಾಯುವ ಸೂಕ್ಷ್ಮ ಒಳ್ಳೆಯ ಭಾಗವತರಲ್ಲಿ ಇರುತ್ತದೆ. ಸರದಿ ಪದ್ಧತಿಯ ಯಶಸ್ಸೂ ಸೋಲೂ ಈ ಸೂಕ್ಷ್ಮದಲ್ಲೇ ಇದೆ. ಮೂರು ನಿಮಿಷದ ಗಂಟೆಯನ್ನು ಯಾಂತ್ರಿಕವಾಗಿ ಬಾರಿಸಿದ್ದರೆ ಕ್ಷೌರದ ವೃತ್ತಿಯ ಆ ಹಿರಿಯರ ಮಾತು ತರಗತಿಯ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಅದಕ್ಕಾಗಿ ಸಭೆಯ ಒಪ್ಪಿಗೆ ಕೇಳಿ ಅವಧಿ ವಿಸ್ತರಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿದ್ದೇವೆ. ತಮ್ಮ ಗೆಳೆಯರನ್ನೂ ಅಷ್ಟೇ ನಿಷ್ಠುರವಾಗಿ ತಡೆಯಬಲ್ಲವರು ಸಿಗುವುದು ಕಷ್ಟವಾದ್ದರಿಂದ ಅಧ್ಯಕ್ಷತೆ ಪ್ರತಿ ತಿಂಗಳೂ ಬದಲಾಗುತ್ತದೆ. ಸಭೆಗೆ ಕಚೇರಿಯ ಬಿಗಿ ಬಂದಿದೆ ಎಂಬ ದೂರು ಇನ್ನೂ ಇದೆ, ಮತ್ತು ಅದರಲ್ಲಿ ಹುರುಳಿಲ್ಲದೆ ಇಲ್ಲ.

ನನ್ನ ಆಯ್ಕೆ ಸರದಿ ಪದ್ಧತಿ. ಆದರೆ ಎದ್ದು ನಿಂತು ಹೆಸರು ಹೇಳಲಾಗದವರಿಗಾಗಿ ಚೀಟಿಯನ್ನೂ ಅದರ ಜೊತೆಗೆ ಉಳಿಸಿಕೊಳ್ಳಬೇಕೆಂದು ಹಟ ಹಿಡಿದವರಲ್ಲಿ ನಾನೂ ಒಬ್ಬ. ಈ ಬಾರಿ ಒಂದು ಷರತ್ತು ಸೇರಿಸಿದ್ದೇವೆ: ಓದದ ಚೀಟಿಗಳನ್ನು ಕಾರಣ ಬರೆದು ಸಭಾಂಗಣದ ಸೂಚನಾ ಫಲಕಕ್ಕೆ ಹಚ್ಚಬೇಕು. ಲೋಕಸಭೆಯಲ್ಲಿ ಸ್ಪೀಕರ್ ಕಡತದಿಂದ ತೆಗೆಸಿದ ಮಾತಿನ ಜಾಗದಲ್ಲಿ ಮುದ್ರಿತ ನಡಾವಳಿಯಲ್ಲಿ ನಕ್ಷತ್ರ ಚಿಹ್ನೆಗಳು ಉಳಿಯುತ್ತವೆ. ಮಾತು ಹೋದರೂ ಇಲ್ಲಿ ಏನನ್ನೋ ತೆಗೆಯಲಾಗಿದೆ ಎಂಬುದು ಓದುಗರಿಗೆ ತಿಳಿಯುತ್ತದೆ. ತೆಗೆದದ್ದರ ಗುರುತನ್ನೂ ಅಳಿಸಿಬಿಡುವ ಅಧಿಕಾರ ಸಂಚಾಲಕರಿಗೆ ಇರಬಾರದು.

ಸಹಿಯಿಲ್ಲದ ಚೀಟಿಗಳ ಬಗ್ಗೆ ಮಾತ್ರ ದೀರ್ಘವಾದ ವಾದ ನಡೆಯಿತು. ತಮ್ಮ ಮಾಲೀಕರೋ ಮೇಷ್ಟ್ರೋ ಅದೇ ಸಭೆಯಲ್ಲಿ ಕುಳಿತಿರುವಾಗ ಹೆಸರು ಬರೆಯಬೇಕೆಂದರೆ ಕೆಲವರು ಪ್ರಶ್ನೆಯನ್ನೇ ಕೇಳುವುದಿಲ್ಲ ಎಂಬುದು ನನ್ನ ವಾದವಾಗಿತ್ತು. ಎದುರು ವಾದಕ್ಕೂ ತೂಕವಿತ್ತು: ಭಾರತದಲ್ಲಿ ಮಾನಹಾನಿ ಇಂದಿಗೂ ಕ್ರಿಮಿನಲ್ ಅಪರಾಧ, 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೆಯ ಸೆಕ್ಷನ್ನಿನಲ್ಲಿದೆ, ಯಾರೋ ಬರೆದ ಆರೋಪವನ್ನು ಮೈಕಿನಲ್ಲಿ ಓದಿದವರೂ ಅದಕ್ಕೆ ಹೊಣೆಯಾಗಬೇಕಾದೀತು. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಕೃತಿ, ವಿಚಾರ ಅಥವಾ ಬಳಗದ ನಡವಳಿಕೆ ಕುರಿತ ಪ್ರಶ್ನೆಯನ್ನು ಸಹಿ ಇಲ್ಲದಿದ್ದರೂ ಓದಬೇಕು; ಹೆಸರಿಸಿದ ವ್ಯಕ್ತಿಯ ಮೇಲಿನ ಆರೋಪವನ್ನು ಸಹಿ ಇಲ್ಲದೆ ಓದಬಾರದು, ಫಲಕಕ್ಕೂ ಹಚ್ಚಬಾರದು. ಅಂಥ ಚೀಟಿ ಬಂದಿತ್ತು ಎಂಬುದನ್ನು ಮಾತ್ರ ಅಧ್ಯಕ್ಷರು ಅದೇ ಸಂಜೆ ಸಭೆಗೆ ತಿಳಿಸಬೇಕು.