ಎಲುಬು ಕುಣಿದದ್ದು, ವಾಲ್ರಸ್ ಕುಣಿದದ್ದು: ಧ್ವನಿ ಇಟ್ಟೂ ತೆಗೆದೂ ನೋಡಿದ ಹೋಲಿಕೆ

ಡಿಸ್ನಿಯ 'ದಿ ಸ್ಕೆಲಿಟನ್ ಡ್ಯಾನ್ಸ್' (1929), ಫ್ಲೈಶರ್ ಸ್ಟುಡಿಯೋದ 'ಮಿನ್ನಿ ದ ಮೂಚರ್' (1932): ಈ ಎರಡು ಹಳೆಯ ಕಾರ್ಟೂನ್ ಚಿತ್ರಗಳಲ್ಲೂ ಸಂಗೀತಕ್ಕೆ ಕುಣಿಯುವುದು ಸತ್ತವರೇ. ಮನಸ್ಸಿನಲ್ಲಿ ನಿಲ್ಲುವ ಪಾತ್ರ ಯಾವುದರಲ್ಲಿದೆ ಎಂದು ತಿಳಿಯಬೇಕಾದರೆ ಒಮ್ಮೆ ಧ್ವನಿ ಇಟ್ಟು, ಒಮ್ಮೆ ಪೂರ್ತಿ ತೆಗೆದು ನೋಡಿ.

ಧ್ವನಿ ಇದ್ದಾಗ ಗೆಲ್ಲುವುದು ಡಿಸ್ನಿಯೇ. ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನುಮೂಳೆಯನ್ನು ಕ್ಸೈಲೋಫೋನಿನಂತೆ ಬಾರಿಸುವಾಗ ಪೆಟ್ಟು, ಸ್ವರ ಎರಡೂ ಒಟ್ಟಿಗೇ ಬೀಳುತ್ತವೆ. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಇರುವುದರಿಂದ ಲೆಕ್ಕ ಸುಲಭ: ಬೀಟ್ 12 ಫ್ರೇಮಿಗೊಮ್ಮೆ ಬಂದರೆ ನಿಮಿಷಕ್ಕೆ 120, 8 ಫ್ರೇಮಿಗೊಮ್ಮೆ ಬಂದರೆ 180. ಎಣಿಸುವ ಮೊದಲು ಪ್ರತಿಯ ವೇಗ ನೋಡಿಕೊಳ್ಳಿ. 30 ಫ್ರೇಮಿಗೆ ಬದಲಾಯಿಸಿದ ಪ್ರತಿಯಲ್ಲಿ ಅದೇ 12 ಫ್ರೇಮ್ 15 ಆಗಿರುತ್ತದೆ. ಇದನ್ನು ಗಮನಿಸದಿದ್ದರೆ ತಾಳ ತಪ್ಪಿದೆ ಎಂದು ಸುಮ್ಮನೆ ಚಿತ್ರವನ್ನು ದೂರುತ್ತೇವೆ.

ಧ್ವನಿ ತೆಗೆದ ಕೂಡಲೇ ಅಸ್ಥಿಪಂಜರಗಳು ಸೊರಗುತ್ತವೆ. ಮತ್ತೆ ಮತ್ತೆ ಬರುವ ಅದೇ ಚಲನೆಯ ಸುತ್ತು ಕಣ್ಣಿಗೆ ಬೀಳುತ್ತದೆ. ನಾಲ್ಕರಲ್ಲಿ ಯಾವುದು ಯಾವುದೆಂದು ಹೇಳಲಾಗದು. ಅವುಗಳಿಗೆ ತಾಳ ಇದೆ, ಸ್ವಭಾವ ಇಲ್ಲ.

'ಮಿನ್ನಿ ದ ಮೂಚರ್'ನ ವಾಲ್ರಸ್ (ಕೋರೆಹಲ್ಲಿನ ಕಡಲಪ್ರಾಣಿ) ಭೂತ ಹಾಗಲ್ಲ. ಜಾಝ್ ಗಾಯಕ ಕ್ಯಾಬ್ ಕ್ಯಾಲೊವೇ ಕುಣಿದದ್ದನ್ನು ಚಿತ್ರೀಕರಿಸಿ, ಒಂದೊಂದೇ ಫ್ರೇಮಿನ ಮೇಲೆ ಗೆರೆ ಎಳೆದು ಈ ಭೂತವನ್ನು ಮಾಡಿದ್ದಾರೆ. ಸ್ಟುಡಿಯೋದ ಮ್ಯಾಕ್ಸ್ ಫ್ಲೈಶರ್ 1917ರಲ್ಲಿ ಪೇಟೆಂಟ್ ಪಡೆದ ರೋಟೋಸ್ಕೋಪ್ ಇದೇ. ಧ್ವನಿ ಇಲ್ಲದೆಯೂ ಆ ತೂಗಾಟ, ಕಾಲು ಹಿಂದಕ್ಕೆ ಜಾರಿಸುವ ಗತ್ತು ಒಬ್ಬನೇ ಮನುಷ್ಯನದೆಂದು ಗೊತ್ತಾಗುತ್ತದೆ. ಶುರುವಿನಲ್ಲೇ ಕ್ಯಾಲೊವೇಯನ್ನು ಅವನ ವಾದ್ಯತಂಡದ ಮುಂದೆ ಸಾಕ್ಷಾತ್ತಾಗಿ ತೋರಿಸಿರುವುದು ಬಹಳ ಜಾಣ ನಿರ್ಧಾರ. ಆ ನಡೆಯನ್ನು ಕಣ್ಣು ಮೊದಲೇ ಕಲಿತಿರುತ್ತದೆ. ಹೀಗೆ ನಕಲಿಸಿದ ದೇಹ ನೆಲಕ್ಕೆ ಭಾರ ಊರದೆ ತೇಲಿದಂತೆ ಕಾಣುವುದು ಈ ವಿಧಾನದ ದೊಡ್ಡ ತೊಡಕು. ಇಲ್ಲಿ ಪಾತ್ರವೇ ಭೂತವಾದ್ದರಿಂದ ತೇಲುವುದೇ ಚೆಂದವಾಯಿತು. ಚಿತ್ರದ ನಾಯಕಿ ಬೆಟ್ಟಿ ಬೂಪ್ ಮತ್ತು ಅವಳ ಜೊತೆಗಾರ ನಾಯಿ ಬಿಂಬೊಗೆ ಗುಹೆಯಲ್ಲಿ ನಡುಗುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ.

ಟೈಮಿಂಗ್ ಕಲಿಯುವವರು ಡಿಸ್ನಿಯದನ್ನು ಫ್ರೇಮ್ ಫ್ರೇಮಾಗಿ ಬಿಡಿಸಿ ನೋಡಲಿ. ಪಾತ್ರದ ಸೆಳೆತಕ್ಕೆ ನನ್ನ ಮತ ಫ್ಲೈಶರಿಗೇ, ಅದರಲ್ಲೂ 1933ರ 'ಸ್ನೋ-ವೈಟ್'ಗೆ. ಅಲ್ಲಿ ಫ್ಲೈಶರರ ವಿದೂಷಕ ಕೊಕೊ ಭೂತವಾಗಿ ಕ್ಯಾಲೊವೇಯ ನಡೆಯಲ್ಲೇ ಹೆಜ್ಜೆ ಹಾಕುತ್ತಾನೆ. ಹಾಡಿನಲ್ಲಿ ಚಿನ್ನದ ನಾಣ್ಯದ ಮಾತು ಬಂದಾಗ ನಕಲು ಮಾಡಿದ ಮನುಷ್ಯದೇಹವನ್ನು ಅಲ್ಲೇ ಬಿಟ್ಟು, ತಾನೇ ಸರಪಳಿಗೆ ಕಟ್ಟಿದ ನಾಣ್ಯವಾಗಿಬಿಡುತ್ತಾನೆ.