ಆಪ್ಟಿಕಲ್ ಆಕ್ಸಿಜನ್ ಅನಲೈಸರ್: ಫ್ಲೋರೆಸೆನ್ಸ್ ತಗೋಬೇಕಾ, ಲೇಸರ್ ತಗೋಬೇಕಾ?

ಅನಿಲದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಎರಡೂ ಬೆಳಕಿನಿಂದಲೇ ಅಳೆಯುತ್ತವೆ. ಆದರೆ ಕೊಂಡ ಮೇಲೆ ಮಾಡಬೇಕಾದ ಕೆಲಸ ಪೂರ್ತಿ ಬೇರೆ. ಆಯ್ಕೆ ಮಾಡುವಾಗ ನಾನು ಮೊದಲು ನೋಡುವುದು ಅದನ್ನೇ.

ಫ್ಲೋರೆಸೆನ್ಸ್ ಸೆನ್ಸರ್‌ನ ತುದಿಯಲ್ಲಿ ಬಣ್ಣದ ತೆಳು ಪದರ ಇರುತ್ತದೆ. ಬೆಳಕು ಬಿದ್ದರೆ ಅದು ಹೊಳೆಯುತ್ತದೆ. ಆಕ್ಸಿಜನ್ ಜಾಸ್ತಿಯಾದಷ್ಟೂ ಹೊಳಪು ಬೇಗ ಆರುತ್ತದೆ. ಬಳಸಿದಂತೆ ಪದರ ಮಾಸುತ್ತದೆ, ರೀಡಿಂಗ್ ಮೆಲ್ಲಗೆ ಜಾರುತ್ತದೆ. ನೈಟ್ರೋಜನ್‌ನಲ್ಲಿ ಸೊನ್ನೆ, ಒಣ ಗಾಳಿಯಲ್ಲಿ ಶೇ. 20.9 ಬರುತ್ತದಾ ನೋಡಿ. ಕ್ಯಾಲಿಬ್ರೇಷನ್ (ರೀಡಿಂಗ್ ಸರಿಹೊಂದಿಸುವುದು) ಮಾಡಿದರೂ ರೀಡಿಂಗ್ ನಿಲ್ಲದಿದ್ದರೆ ತುದಿ ಬದಲಿಸಿ, ಅಷ್ಟೇ. ಆದರೆ ಸಾಲ್ವೆಂಟ್ ಆವಿ ಇರುವ ಕಡೆ ಪದರ ಹಾಳಾಗಬಹುದು, ಮೊದಲೇ ವಿಚಾರಿಸಿ.

ಲೇಸರ್‌ನಲ್ಲಿ ಹಾಗೆ ಮಾಸುವ ಪದರವೇ ಇಲ್ಲ. ಸುಮಾರು 760 ನ್ಯಾನೋಮೀಟರ್ ಬೆಳಕನ್ನು ಆಕ್ಸಿಜನ್ ಎಷ್ಟು ಹೀರಿತು ಎಂದು ಅಳೆಯುತ್ತದೆ. ಬಿಸಿ ಫರ್ನೇಸ್ ಗ್ಯಾಸ್‌ಗೆ ನನ್ನ ಆಯ್ಕೆ ಇದೇ. ಆದರೆ ಸುಮ್ನೆ ಬಿಟ್ಟರೆ ನಡೆಯುವುದಿಲ್ಲ. ಟ್ರಾನ್ಸ್‌ಮಿಷನ್, ಅಂದರೆ ಆಚೆ ತಲುಪುವ ಬೆಳಕಿನ ಪ್ರಮಾಣ, ದಿನೇ ದಿನೇ ಇಳಿದರೆ ಗಾಜಿನ ಮೇಲೆ ಧೂಳು ಕೂತಿರಬಹುದು. ಒಮ್ಮೆಲೇ ಬಿದ್ದರೆ ಅಲೈನ್‌ಮೆಂಟ್ (ಬೆಳಕಿನ ನೇರ) ತಪ್ಪಿದೆಯಾ ನೋಡಿ. ರೀಡಿಂಗ್ ಕಾರಣವಿಲ್ಲದೆ ಏರಿದರೆ ನೈಟ್ರೋಜನ್ ಪರ್ಜ್ (ಗಾಳಿ ಹೊರಹಾಕಲು ನೈಟ್ರೋಜನ್ ಹಾಯಿಸುವುದು) ನೋಡಿ. ಬೆಳಕಿನ ದಾರಿಗೆ ಗಾಳಿ ನುಗ್ಗಿದರೆ ಅದರ ಆಕ್ಸಿಜನ್ ಕೂಡ ಲೆಕ್ಕಕ್ಕೆ ಸೇರುತ್ತದೆ ಅಲ್ವಾ? ಆದ್ದರಿಂದ ಗಾಳಿಯಿಂದಲೇ ಪರ್ಜ್ ಮಾಡುವ ತಪ್ಪು ಬೇಡ.

ಒತ್ತಡ, ತಾಪಮಾನದ ಲೆಕ್ಕ ತಪ್ಪಿದರೆ ಎರಡೂ ತಪ್ಪು ಹೇಳುತ್ತವೆ. ಸ್ಯಾಂಪಲ್ ಪೈಪ್ ಇದ್ದರೆ, ಸೆನ್ಸರ್ ಬಿಚ್ಚುವ ಮೊದಲು ಜಾಯಿಂಟ್‌ಗಳ ಲೀಕ್ ನೋಡಿ.